ನಿಮಗಿದು ಗೊತ್ತೆ? ಕಿರಿಯ ಅಂಕಿಗೇ ಅಗ್ರಸ್ಥಾನ!

ಗಣಕಯಂತ್ರಕ್ಕೆ ತಂತಿಯ ಸಂಪರ್ಕವೂ ವೈ-ಫೈಯೂ ಏಕಕಾಲದಲ್ಲಿ ಲಭ್ಯವಿರುವಾಗ, ಹೊರಜಗತ್ತಿಗೆ ಹೊರಟ ಮಾಹಿತಿಯು ಆರಿಸಿಕೊಳ್ಳುವುದು ಕಿರಿಯ ಅಂಕಿಯುಳ್ಳ ಮಾರ್ಗವನ್ನು! ‘ಮೆಟ್ರಿಕ್’ ಎಂಬ ಈ ಅಂಕಿಯು ಆಯಾ ಮಾರ್ಗದಲ್ಲಿ ಸಾಗಲು ತೆರಬೇಕಾದ ಸುಂಕದಂತಿರುವುದರಿಂದ, ಸುಂಕ ಕಡಿಮೆಯಿದ್ದ ಕಡೆಗೇ ಮಾಹಿತಿ ಹರಿಯುವುದು ಸಹಜವೇ ಸರಿ. ಲಿನಕ್ಸ್‌ನ ನೆಟ್‌ವರ್ಕ್‌ಮ್ಯಾನೇಜರ್ ತಂತಿಗೆ 100ನ್ನೂ ವೈ-ಫೈಗೆ 600ನ್ನೂ ತಾನಾಗಿಯೇ ವಿಧಿಸುತ್ತದೆ. ವಿಂಡೋಸ್ 10 ಆದರೋ ಸಂಪರ್ಕದ ವೇಗವನ್ನಳೆದು, ಸೆಕೆಂಡಿಗೆ 1 ಗಿಗಾಬಿಟ್ ಸಾಮರ್ಥ್ಯದ ತಂತಿಗೆ 25ನ್ನೂ, 300 ಮೆಗಾಬಿಟ್‌ನ ವೈ-ಫೈಗೆ 35ನ್ನೂ ಗೊತ್ತುಮಾಡುತ್ತದೆ. ತಂತಿಯ ಸ್ಥಿರತೆಯನ್ನು ಬಲ್ಲವರಿಗೆ ಈ ಪಕ್ಷಪಾತ ನ್ಯಾಯವೆಂದೇ ತೋರೀತು. ಬೇಕೆಂದವರು ಅಂಕಿಗಳನ್ನು ಸ್ವಹಸ್ತದಿಂದ ತಿದ್ದಿ, ಈ ಕ್ರಮವನ್ನು ತಿರುವುಮುರುವಾಗಿಸಲೂಬಹುದು. ಹಾಗೆ ಹಿಂದಕ್ಕೆ ಸರಿದ ಮಾರ್ಗವು ಅಳಿದುಹೋಗದೆ, ಮುಂದಿನದು ಕಡಿದೊಡನೆ ತಾನೇ ಭಾರ ಹೊರಲು ಸಿದ್ಧವಾಗಿರುತ್ತದೆ.