ಕನ್ನಡಕ ತೋರಿಸುತ್ತೆ, ನೆಲ ಅಳೆಯೋದಿಲ್ಲ

ತಲೆಗೆ ಕಟ್ಟಿಕೊಂಡು ನೋಡುವ ಕಪ್ಪು ಕನ್ನಡಕದ ಸುದ್ದಿ ಈಗ ಹಳ್ಳಿಗೂ ಬಂದಿದೆ. ನಮ್ಮ ಬಯಲುಸೀಮೆಯ ರೈತ ಗುಂಪಿಗೆ ಕಳೆದ ತಿಂಗಳು ಒಬ್ಬ ಮಾರಾಟಗಾರರು ಬಂದಿದ್ದರು. ನಾಲ್ಕು ಕನ್ನಡಕ, ತರಬೇತಿ ಎಲ್ಲ ಸೇರಿ 1 ಲಕ್ಷ 80 ಸಾವಿರ ರೂಪಾಯಿ ಅಂದರು. ಬೆಳೆಯ ರೋಗ, ಮಣ್ಣಿನ ಸಾರ, ನೆಲದೊಳಗಿನ ನೀರಿನ ಸೆಲೆ ಎಲ್ಲ ಕಣ್ಣೆದುರೇ ಕಾಣುತ್ತೆ ಅಂತಲೂ ಹೇಳಿದರು. ಗುಂಪಿನಲ್ಲಿರೋದು 62 ಜನರ ಷೇರು ಹಣ. ಹುಡುಗರು ತಗೊಳ್ಳೋಣ ಅಂತಾರೆ, ವಯಸ್ಸಾದವರು ಬೇಡ ಅಂತಾರೆ. ಮುಂದಿನ ಸಭೆಯಲ್ಲಿ ತೀರ್ಮಾನ ಆಗಬೇಕು.

ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ ಮಾಡುವ ನನ್ನ ತಮ್ಮನ ಮಗನನ್ನು ಕೂರಿಸಿಕೊಂಡು ಇದರ ಬಗ್ಗೆ ಕೇಳಿ ತಿಳಿದುಕೊಂಡೆ. ನಿಮ್ಮೂರಿಗೂ ಇಂಥವರು ಬರಬಹುದು. ಅದಕ್ಕೇ ಇಲ್ಲಿ ಬರೆದಿದ್ದೇನೆ.

ಇದು ಕೆಲಸ ಮಾಡೋದು ಹೇಗೆ?

ಜಾತ್ರೆಯಲ್ಲಿ ಪೆಟ್ಟಿಗೆಯೊಳಗೆ ಕಣ್ಣಿಟ್ಟು ಚಿತ್ರ ನೋಡಿದ್ದು ನಮ್ಮ ವಯಸ್ಸಿನವರಿಗೆ ನೆನಪಿರುತ್ತೆ. ಇದೂ ಅದರ ಸಂಬಂಧಿಕನೇ. ಎರಡು ಕಣ್ಣಿಗೆ ಸ್ವಲ್ಪ ಬೇರೆ ಬೇರೆ ಚಿತ್ರ ತೋರಿಸುತ್ತಾರೆ. ಆಗ ಚಿತ್ರಕ್ಕೆ ಆಳ ಬರುತ್ತೆ. ನಾವು ತಲೆ ತಿರುಗಿಸಿದರೆ ಯಂತ್ರ ಅದನ್ನು ಗುರುತಿಸಿ ಚಿತ್ರವನ್ನೂ ತಿರುಗಿಸುತ್ತೆ. ಹಾಗಾಗಿ ಅಲ್ಲೇ ನಿಂತಂತೆ ಅನಿಸುತ್ತೆ. ಇದು ವರ್ಚುವಲ್ ರಿಯಾಲಿಟಿ. ಕಣ್ಣು ಓಡುತ್ತಿದೆ, ಮೈ ಕೂತಿದೆ ಅಂತಾದರೆ ಕೆಲವರಿಗೆ ತಲೆ ಸುತ್ತಿ ವಾಂತಿ ಬರುವಂತಾಗೋದೂ ಉಂಟು.

ಆಗ್ಮೆಂಟೆಡ್ ರಿಯಾಲಿಟಿ ಇನ್ನೊಂದು ಬಗೆ. ಅದರಲ್ಲಿ ಎದುರಿಗಿರುವ ನಿಜವಾದ ಹೊಲವೇ ಕಾಣುತ್ತೆ, ಅದರ ಮೇಲೆ ಗೆರೆ, ಅಕ್ಷರ, ಗೊಂಬೆ ಬರೆದಂತೆ ಮೂಡುತ್ತೆ. 2016ರಲ್ಲಿ ಪೇಟೆಯ ಹುಡುಗರೆಲ್ಲ ಮೊಬೈಲ್ ಹಿಡಿದು ಬೀದಿ ಬೀದಿ ಅಲೆದ ಪೋಕೆಮಾನ್ ಗೋ ಆಟ ಇದೇ ಜಾತಿಯದು.

ಹೊಸದೇನಲ್ಲ

ಅಮೆರಿಕದ ಐವಾನ್ ಸದರ್ಲ್ಯಾಂಡ್ ಎಂಬವರು 1968ರಲ್ಲೇ ಇಂಥ ತಲೆಗೆ ಹಾಕುವ ಯಂತ್ರ ಮಾಡಿ ತೋರಿಸಿದ್ದರು. ಭಾರ ಹೆಚ್ಚಾಗಿ ಅದನ್ನು ಚಾವಣಿಯಿಂದ ಇಳಿಬಿಡಬೇಕಾಗಿತ್ತು. ಆಮೇಲೆ ಹತ್ತು ವರ್ಷಕ್ಕೊಮ್ಮೆ ಎನ್ನುವಂತೆ 'ಇನ್ನು ಲೋಕವೇ ಬದಲಾಗುತ್ತೆ' ಅನ್ನುವ ಗದ್ದಲ ಎದ್ದಿದೆ. ನಿಂಟೆಂಡೊ ಕಂಪನಿಯ ಆಟದ ಕನ್ನಡಕ 1995ರಲ್ಲಿ ಬಂತು, ಮರುವರ್ಷವೇ ನಿಂತಿತು. ಗೂಗಲ್ ಗ್ಲಾಸ್ ಜನಸಾಮಾನ್ಯರಿಗೆ ಮಾರೋದು 2015ರಲ್ಲಿ ನಿಂತಿತು. ಕಾರ್ಖಾನೆಗಳಿಗೆ ಕೊಡುತ್ತಿದ್ದುದೂ 2023ರಲ್ಲಿ ನಿಂತಿತು. ಫೇಸ್‌ಬುಕ್ ಕಂಪನಿ 2021ರಲ್ಲಿ ಇದರ ಮೇಲಿನ ಭರವಸೆಯಿಂದ ತನ್ನ ಹೆಸರನ್ನೇ ಮೆಟಾ ಎಂದು ಬದಲಾಯಿಸಿಕೊಂಡಿತು. ಆ ವಿಭಾಗದಲ್ಲಿ 2023ರ ಒಂದೇ ವರ್ಷ 1,600 ಕೋಟಿ ಡಾಲರಿಗೂ ಹೆಚ್ಚು ನಷ್ಟ ತೋರಿಸಿತು. ಆಪಲ್ ಕಂಪನಿಯ ಕನ್ನಡಕ 2024ರಲ್ಲಿ ಅಮೆರಿಕದಲ್ಲಿ ಬಂದಾಗ ಬೆಲೆ 3,499 ಡಾಲರ್. ನಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ ಮೂರು ಲಕ್ಷ.

ದನಕ್ಕೂ ಕಟ್ಟಿದ್ದಾರೆ! 2019ರಲ್ಲಿ ಮಾಸ್ಕೋ ಪ್ರಾಂತ್ಯದ ಕೃಷಿ ಇಲಾಖೆ ಹಸುಗಳಿಗೆ ಕನ್ನಡಕ ಹಾಕಿ ಬೇಸಿಗೆಯ ಹುಲ್ಲುಗಾವಲು ತೋರಿಸಿದ ಸುದ್ದಿ ಕೊಟ್ಟಿತು. ಹಸುಗಳ ಗಾಬರಿ ಕಡಿಮೆಯಾಯಿತು ಅಂದರು. ಹಾಲು ಹೆಚ್ಚಾಗುತ್ತೋ ಅನ್ನೋದನ್ನು ಮುಂದೆ ನೋಡುತ್ತೇವೆ ಅಂದರು. ಪತ್ರಿಕೆಯಲ್ಲಿ ಚಿತ್ರ ಮೊದಲು ಬಂತು, ಹಾಲಿನ ಲೆಕ್ಕ ಹಿಂದೆ ಉಳಿಯಿತು.

ಉಪಯೋಗ ಇಲ್ಲವೇ ಇಲ್ಲವೆ?

ಹಾಗನ್ನೋದು ತಪ್ಪು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು 2002ರಲ್ಲಿ ಒಂದು ಪರೀಕ್ಷೆಯ ಫಲ ಪ್ರಕಟಿಸಿದರು. ಕಲಿಯುತ್ತಿದ್ದ 16 ಶಸ್ತ್ರವೈದ್ಯರಲ್ಲಿ ಅರ್ಧ ಜನ ಕಂಪ್ಯೂಟರಿನ ವರ್ಚುವಲ್ ರಿಯಾಲಿಟಿಯಲ್ಲಿ ಮೊದಲು ಕೈ ಪಳಗಿಸಿಕೊಂಡರು. ಪಿತ್ತಕೋಶ ಬಿಡಿಸುವ ಕೆಲಸವನ್ನು ಅವರು ಉಳಿದವರಿಗಿಂತ ಶೇ. 29ರಷ್ಟು ಬೇಗ ಮುಗಿಸಿದರು, ತಪ್ಪುಗಳೂ ಕಡಿಮೆ ಆದವು. ಬೋಯಿಂಗ್ ವಿಮಾನ ಕಂಪನಿಯ ಇಬ್ಬರು ತಂತ್ರಜ್ಞರು 1992ರಲ್ಲೇ ಇನ್ನೊಂದು ದಾರಿ ತೋರಿಸಿದ್ದರು. ವಿಮಾನದ ತಂತಿಗಳನ್ನು ಜೋಡಿಸುವ ಕೆಲಸಗಾರನಿಗೆ ಯಾವ ತಂತಿ ಎಲ್ಲಿ ಹೋಗಬೇಕು ಅಂತ ಕನ್ನಡಕದಲ್ಲೇ ಗೆರೆ ಕಾಣಿಸೋದು ಅವರ ಯೋಚನೆ.

ಈ ಎರಡರಲ್ಲೂ ಒಂದು ಸಂಗತಿ ಗಮನಿಸಿ. ಪಿತ್ತಕೋಶ ಎಲ್ಲಿರುತ್ತೆ ಅಂತ ವೈದ್ಯರಿಗೆ ಮೊದಲೇ ಗೊತ್ತು. ತಂತಿಯ ನಕ್ಷೆ ಕಾರ್ಖಾನೆಯಲ್ಲಿ ಮೊದಲೇ ಇದೆ. ಯಾರೋ ಅಳೆದು ಬರೆದಿಟ್ಟದ್ದನ್ನೇ ಕನ್ನಡಕ ತೋರಿಸುತ್ತೆ. ಹಗೇವಿನಲ್ಲಿ ಜೋಳ ತುಂಬಿಸದೆ ತೆಗೆಯೋದಕ್ಕೆ ಆಗುತ್ತದೆಯೇ?

ನಮ್ಮ ಹೊಲದ ಲೆಕ್ಕ ಎಲ್ಲಿದೆ?

ನನ್ನ ಹೊಲದ ಮಣ್ಣಿನ ಪರೀಕ್ಷೆ ಆಗಿಲ್ಲದಿದ್ದರೆ ಕನ್ನಡಕ ಯಾವ ಸಾರ ತೋರಿಸೀತು? ಅದರ ಕ್ಯಾಮೆರಾಕ್ಕೆ ಕಾಣೋದು ನೆಲದ ಮೇಲ್ಮೈ ಮಾತ್ರ. 600 ಅಡಿ ಕೆಳಗಿನ ನೀರು ಅದಕ್ಕೆ ಕಾಣೋದಿಲ್ಲ. ನೀಲಿ ಬಣ್ಣದಲ್ಲಿ ಹರಿಯುವ ಸೆಲೆ ತೋರಿಸಿದರೆ ಅದು ಯಾರೋ ಬರೆದ ಚಿತ್ರ. ಆ ಚಿತ್ರ ನಂಬಿ ಕೊರೆಸಿದ ಬೋರು ಒಣಗಿದ್ದರೆ ಸಾಲ ಮಾತ್ರ ಚಿತ್ರವಲ್ಲ, ನಿಜವಾದದ್ದೇ.

ಹುಡುಗರ ಮಾತಿನಲ್ಲೂ ನ್ಯಾಯ ಇದೆ. ಮನೆ, ದನ ಬಿಟ್ಟು ಪ್ರವಾಸ ಹೋಗಲಾಗದ ಹೆಣ್ಣುಮಕ್ಕಳಿಗೆ ದೂರದೂರಿನ ಬದು, ಕೃಷಿಹೊಂಡ ಸುತ್ತಿ ನೋಡಿದಂತೆ ತೋರಿಸಬಹುದು. ಇಳಿಜಾರಿನಲ್ಲಿ ಟ್ರಾಕ್ಟರ್ ಮಗುಚುವುದು, ಔಷಧಿ ಬೆರೆಸುವಾಗಿನ ಅಪಾಯ, ಇವನ್ನು ಪ್ರಾಣಕ್ಕೆ ತೊಂದರೆ ಇಲ್ಲದೆ ಕಲಿಸಬಹುದು. ಆದರೆ ಅದು ತರಬೇತಿ ಕೇಂದ್ರ ಇಟ್ಟುಕೊಳ್ಳಬೇಕಾದ ಸಾಮಾನು. ಸಣ್ಣ ಗುಂಪು ತನ್ನ ಷೇರು ಹಣ ಹಾಕಿ ಕೊಳ್ಳುವಂಥದ್ದಲ್ಲ.

ಮಾರುವವರನ್ನು ಮೂರು ಮಾತು ಕೇಳಿ. ಇದರಲ್ಲಿ ಕಾಣುವ ಲೆಕ್ಕವನ್ನು ಯಾರು, ಯಾವಾಗ, ನಮ್ಮ ಹೊಲದಲ್ಲಿ ಅಳೆದರು? ಕನ್ನಡಕ ಹಾಕದೆ ಇದೇ ಕೆಲಸ ಎಷ್ಟರಲ್ಲಿ ಆಗುತ್ತೆ? ಕಂಪನಿ ಮುಚ್ಚಿದರೆ ಯಂತ್ರ ನಡೆಯುತ್ತೋ ಇಲ್ಲವೋ?

ನಾನು ಸಭೆಯಲ್ಲಿ ಇಡುವ ಸಲಹೆ ಬೇರೆ. ಮೊದಲು 62 ಹೊಲದ ಮಣ್ಣು ಪರೀಕ್ಷೆ ಮಾಡಿಸೋಣ. ಊರಿನ ನಾಲ್ಕು ದಿಕ್ಕಿಗೆ ಮಳೆ ಅಳೆಯುವ ಮಾಪಕ ಇಡೋಣ. 1 ಮಿ.ಮೀ. ಮಳೆ ಅಂದರೆ ಎಕರೆಗೆ ಸುಮಾರು 4,000 ಲೀಟರ್ ನೀರು, ಅದರ ಲೆಕ್ಕ ನಮ್ಮಲ್ಲಿ ಯಾರ ಹತ್ತಿರವೂ ಇಲ್ಲ. ಬಾವಿಗಳಿಗೆ ತಿಂಗಳಿಗೊಮ್ಮೆ ಹಗ್ಗ ಇಳಿಸಿ ನೀರಿನ ಮಟ್ಟ ಬರೆದಿಡೋಣ. ಇದನ್ನು ಮಾಡೋ ಕೆಲಸ ಹುಡುಗರಿಗೇ ವಹಿಸೋಣ, ಮೊಬೈಲಿನಲ್ಲೇ ಬರೆದಿಟ್ಟುಕೊಳ್ಳಲಿ. ಮೂರು ವರ್ಷ ಹೀಗೆ ಬರೆದರೆ ಕನ್ನಡಕದಲ್ಲಿ ತೋರಿಸೋದಕ್ಕೆ ನಮ್ಮದೇ ಲೆಕ್ಕ ಇರುತ್ತೆ. ಆಗ ಮಾರುವವರು ಬಂದರೆ ಕೂತು ಮಾತಾಡಬಹುದು.