ಅಂಗನವಾಡಿಯ ತ್ರಾಸು

ಸ್ಪ್ರಿಂಗಿನ ಹಿಗ್ಗುವಿಕೆಯು ಅದನ್ನು ಎಳೆಯುವ ಬಲಕ್ಕೆ ಅನುಪಾತದಲ್ಲಿರುವುದು. ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ ಈ ನಿಯಮವನ್ನು ಪ್ರೌಢಶಾಲೆಯ ವಿದ್ಯಾರ್ಥಿಯೂ ಬಲ್ಲನು. ಇಂಥ ಒಂದು ಸ್ಪ್ರಿಂಗು ಅಂಗನವಾಡಿಗೂ ಊರಿನ ಒಂದು ಮನೆಗೂ ಮಾತು ಬಿಡಿಸಿತೆಂದರೆ ವಾಚಕರು ನಗಬಹುದು. ಕೇಳಿದಾಗ ನಾವೂ ನಕ್ಕೆವು.

ಕೆಲವು ವರ್ಷಗಳ ಕೆಳಗೆ ನಮ್ಮ ಕಾಲೇಜಿನ ವಿದ್ಯಾರ್ಥಿಗಳೊಡನೆ ಸಮೀಪದ ಹಳ್ಳಿಯೊಂದರಲ್ಲಿ ಸೇವಾ ಶಿಬಿರ ಹೂಡಿದ್ದೆವು. ಅಲ್ಲಿಯ ಅಂಗನವಾಡಿಯ ಕಾರ್ಯಕರ್ತೆ ತಮ್ಮ ಸಂಕಟವನ್ನು ಹೇಳಿಕೊಂಡರು. ಎರಡು ವರ್ಷದ ಹೆಣ್ಣುಕೂಸೊಂದು ಹಿಂದಿನ ತಿಂಗಳು 9.8 ಕಿಲೋಗ್ರಾಂ ತೂಗಿತ್ತು; ಮರುತಿಂಗಳು 9.7 ಆಯಿತು. ಗಾಬರಿಗೊಂಡ ಕಾರ್ಯಕರ್ತೆ, “ಮನೇಲಿ ಮಗೂಗೆ ಏನಾದ್ರೂ ತಿನ್ನಿಸ್ತೀಯೋ ಇಲ್ವೋ?” ಎಂದು ನಾಲ್ಕು ಜನರ ಮುಂದೆ ತಾಯಿಯನ್ನು ಕೇಳಿಬಿಟ್ಟರು. ಆ ತಾಯಿ ಕೂಸನ್ನೆತ್ತಿಕೊಂಡು ಹೋದವಳು ಮತ್ತೆ ಬರಲಿಲ್ಲ. ತೂಕವೂ ನಿಂತಿತು, ಆಹಾರದ ಪೊಟ್ಟಣವೂ ನಿಂತಿತು.

ಇದು ಸಣ್ಣ ಮಾತಲ್ಲ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಪ್ರಾರಂಭವಾಯಿತು. ನಮ್ಮ ರಾಜ್ಯದಲ್ಲಿ ಮೊದಲು ಅದನ್ನು ಕಂಡದ್ದು ತಿರುಮಕೂಡಲು ನರಸೀಪುರ. ಮೂರರಿಂದ ಆರು ವರ್ಷದ ಮಕ್ಕಳು ಅಂಗನವಾಡಿಗೆ ಬಂದು ಆಡಿ, ಕಲಿತು, ಉಂಡು ಹೋಗುವರು. ಮೂರು ತುಂಬದ ಕೂಸುಗಳಾದರೋ ಮನೆಯಲ್ಲಿಯೇ ಬೆಳೆಯುವುವು. ಅವನ್ನು ತಿಂಗಳಿಗೊಮ್ಮೆ ತಂದು ತೂಗಿಸಬೇಕು. ತಿಂಗಳಿಗೆ 720 ಗಂಟೆಗಳೆಂದು ಲೆಕ್ಕ ಹಿಡಿದರೆ, ತೂಗುವ ದಿನ ಕೂಸು ಅಂಗನವಾಡಿಯವರ ಕಣ್ಣಿಗೆ ಬೀಳುವುದು ಬಹುಶಃ ಅರ್ಧ ಗಂಟೆ. ಉಳಿದ ಹೊತ್ತಿನ ಸಮಾಚಾರವನ್ನು ತಾಯಿಯಲ್ಲದೆ ಮತ್ತಾರು ಹೇಳಬೇಕು?

ತೂಕದ ನಕ್ಷೆಯನ್ನು ಓದುವ ಬಗೆಯೂ ಇದನ್ನೇ ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2006ರಲ್ಲಿ ಪ್ರಕಟಿಸಿದ ಬೆಳವಣಿಗೆಯ ರೇಖೆಗಳನ್ನು ಆರು ದೇಶಗಳ ಮಕ್ಕಳನ್ನು ಅಳೆದು ಸಿದ್ಧಪಡಿಸಿದರು. ದಿಲ್ಲಿಯ ಮಕ್ಕಳೂ ಅವರಲ್ಲಿದ್ದರು. ಈ ರೇಖೆಗಳ ನಡುವೆ ಮಗುವಿನ ಚುಕ್ಕೆ ಎಲ್ಲಿ ಬಿದ್ದಿತೆಂಬುದರಷ್ಟೇ ಮುಖ್ಯವಾದುದು ಚುಕ್ಕೆಗಳನ್ನು ಸೇರಿಸಿದ ಗೆರೆಯ ಇಳಿಜಾರು. ಚಲನೆಯ ಪಾಠದಲ್ಲಿ ಸ್ಥಾನಕ್ಕೂ ವೇಗಕ್ಕೂ ಇರುವ ಭೇದವನ್ನು ನೆನೆದುಕೊಳ್ಳಿರಿ. ಸಣ್ಣ ಮೈಕಟ್ಟಿನ ಮಗು ಕೆಳಗಿನ ರೇಖೆಯ ಜೊತೆಜೊತೆಗೇ ಏರುತ್ತಾ ಆರೋಗ್ಯವಾಗಿರಬಹುದು. ಗುಂಡುಗುಂಡಾದ ಮಗುವಿನ ಗೆರೆ ಎರಡು ತಿಂಗಳು ಅಡ್ಡಲಾಗಿ ಮಲಗಿದರೆ ಎಚ್ಚರ ವಹಿಸಬೇಕು. ಆದರೆ ಏಕೆ ಮಲಗಿತೆಂಬುದನ್ನು ನಕ್ಷೆ ಹೇಳಲಾರದು. ಭೇದಿಯಾಗಿತ್ತೇ? ಎದೆಹಾಲು ಬಿಡಿಸಿದರೇ? ತಾಯಿ ನಾಟಿಗೆ ಹೋದಾಗ ಕೂಸನ್ನು ಅಜ್ಜಿ ನೋಡಿಕೊಂಡಳೇ? ಉತ್ತರವಿರುವುದು ಮನೆಯಲ್ಲಿ. ಮನೆಯವರು ಬಾಯಿ ಕಟ್ಟಿಕೊಂಡರೆ ನಕ್ಷೆ ಅರ್ಧ ಕುರುಡಾಗುತ್ತದೆ.

ನಮ್ಮ ವಿದ್ಯಾರ್ಥಿಗಳು ಅಂಗನವಾಡಿಯ ಮೂಲೆಯಲ್ಲಿ ಹಳೆಯ ತ್ರಾಸೊಂದನ್ನು ಕಂಡರು. ಆ ತಿಂಗಳೇ ಹೊಸ ತ್ರಾಸು ಬಂದಿತ್ತಂತೆ. ಕುತೂಹಲದಿಂದ ಎರಡನ್ನೂ ತೊಲೆಗೆ ತೂಗುಹಾಕಿ, ಪ್ರಯೋಗಶಾಲೆಯಿಂದ ತೂಕದ ಬಟ್ಟುಗಳನ್ನು ತರಿಸಿದೆವು. ಹೊಸತು ಸರಿಯಾಗಿತ್ತು. ಹಳೆಯದರ ಮುಳ್ಳು, ಕೂಸನ್ನು ಕೂರಿಸುವ ಬರಿಯ ಜೋಲಿ ತೂಗುತ್ತಿದ್ದಾಗಲೇ 300 ಗ್ರಾಂ ತೋರಿಸಿತು. 5 ಕಿಲೋಗ್ರಾಂಗೆ 5.3, 10ಕ್ಕೆ 10.3. ವ್ಯತ್ಯಾಸವು ಎಲ್ಲೆಡೆ ಒಂದೇ ಆಗಿದ್ದುದರಿಂದ ಇದು ಸೊನ್ನೆಯ ದೋಷವೆಂಬುದು ಖಚಿತವಾಯಿತು. ಜೋಲಿಯನ್ನು ತೂಗುಹಾಕಿದ ಬಳಿಕ ತಿರುಪನ್ನು ತಿರುಗಿಸಿ ಮುಳ್ಳನ್ನು ಸೊನ್ನೆಗೆ ತರಬೇಕಾಗಿತ್ತು; ಯಾರೂ ತಂದಿರಲಿಲ್ಲ.

ಈಗ ಲೆಕ್ಕ ನೋಡಿರಿ. ಕೂಸಿನ ಹಿಂದಿನ ತಿಂಗಳ ನಿಜವಾದ ತೂಕ 9.5. ಮರುತಿಂಗಳು ಹೊಸ ತ್ರಾಸಿನಲ್ಲಿ 9.7. ಅಂದರೆ 100 ಗ್ರಾಂ ಇಳಿದಿರಲಿಲ್ಲ, 200 ಗ್ರಾಂ ಏರಿತ್ತು! ಆ ವಯಸ್ಸಿಗೆ ಅದು ಒಳ್ಳೆಯ ಬೆಳವಣಿಗೆ. ತಾಯಿ ಚೆನ್ನಾಗಿ ಉಣಿಸಿದ ತಿಂಗಳಿನಲ್ಲಿಯೇ ಉಣಿಸಲಿಲ್ಲವೆಂಬ ಮಾತನ್ನು ಕೇಳಿದ್ದಳು. ನಾವು ನಕ್ಕುದಕ್ಕೆ ನಾಚಿದೆವು.

ಇಲ್ಲಿ ಡಾಕ್ಟರ್ ಡೇವಿಡ್ ಮಾರ್ಲೆಯವರನ್ನು ನೆನೆಯಬೇಕು. 1950ರ ದಶಕದಲ್ಲಿ ನೈಜೀರಿಯಾದ ಇಮೆಸಿ-ಇಲೆ ಎಂಬ ಊರಿನಲ್ಲಿ ಕೆಲಸ ಮಾಡುತ್ತಿದ್ದ ಈ ಆಂಗ್ಲ ವೈದ್ಯರು, ಮಗುವಿನ ತೂಕದ ನಕ್ಷೆಯನ್ನು ದವಾಖಾನೆಯ ಕಪಾಟಿನಲ್ಲಿ ಇಡದೆ ತಾಯಿಯ ಕೈಗೇ ಕೊಟ್ಟರು. ಮುಂದೆ ಅವರ ವಿಚಾರದಿಂದಲೇ ಮತ್ತೊಂದು ಬಗೆಯ ತ್ರಾಸು ಹುಟ್ಟಿತು. ಅದರಲ್ಲಿ ಉದ್ದನೆಯ ಸ್ಪ್ರಿಂಗು ಮುಚ್ಚುಮರೆಯಿಲ್ಲದೆ ಕಾಣುವುದು. ಅದರ ಹಿಂದೆ ಮಗುವಿನ ನಕ್ಷೆಯನ್ನೇ ತೂರಿಸುವರು. ಮಗುವಿನ ಭಾರಕ್ಕೆ ಸ್ಪ್ರಿಂಗು ಹಿಗ್ಗಿ ನಿಂತೆಡೆಯಲ್ಲಿ ಲೇಖನಿಯಿಂದ ಚುಕ್ಕೆಯಿಟ್ಟರಾಯಿತು. ಅಂಕಿ ಓದಲು ಬಾರದ ತಾಯಿಯೂ ಈ ಚುಕ್ಕೆಯನ್ನು ಇಡಬಲ್ಲಳು. ಹೋದ ತಿಂಗಳಿಗಿಂತ ಎಷ್ಟು ಹಿಗ್ಗಿತೆಂದು ಕಣ್ಣಾರೆ ಕಾಣಬಲ್ಲಳು. ಹುಕ್ಕನ ನಿಯಮಕ್ಕೆ ಇದಕ್ಕಿಂತ ಸೊಗಸಾದ ಉಪಯೋಗವನ್ನು ನಾವು ಕಂಡಿಲ್ಲ. ನಮ್ಮಲ್ಲಿ ತಾಯಿ ಕಾರ್ಡಿನೊಳಗೂ ಇಂಥ ನಕ್ಷೆಯುಂಟು. 2021ರಿಂದ ತೂಕವನ್ನು ಕಾರ್ಯಕರ್ತೆಯ ಫೋನಿನ ಪೋಷಣ್ ಟ್ರ್ಯಾಕರಿನಲ್ಲಿಯೂ ದಾಖಲಿಸುತ್ತಾರೆ. ಒಳ್ಳೆಯದೇ, ಆದರೆ ಫೋನಿಗೆ ಹೋದ ಅಂಕಿಯು ತಾಯಿಯ ಕಾರ್ಡಿಗೂ ಬಂದಿತೇ ಎಂದು ವಿಚಾರಿಸುವುದು ಲೇಸು.

ಸಂಜೆ ಎರಡು ತ್ರಾಸುಗಳನ್ನೂ ಹೊತ್ತು ಕಾರ್ಯಕರ್ತೆಯೊಡನೆ ಆ ಮನೆಗೆ ಹೋದೆವು. “ತಪ್ಪು ನಂದೇ ಕಣವ್ವ,” ಎಂದರು ಕಾರ್ಯಕರ್ತೆ. ತಾಯಿ ತಲೆಯೆತ್ತಲಿಲ್ಲ. ಕೂಸಿನ ಅಜ್ಜಿಯೇ, “ತಕ್ಕಡಿ ಎಲ್ಲಾದ್ರೂ ಸುಳ್ಳು ಹೇಳ್ತದಾ?” ಎಂದು ಒಳಗಿನಿಂದ ಒಂದು ಕಿಲೋ ಸಕ್ಕರೆಯ ಪೊಟ್ಟಣವನ್ನು ತಂದು ತಾವೇ ಹಳೆಯ ತ್ರಾಸಿನ ಜೋಲಿಯಲ್ಲಿ ಇಟ್ಟರು. ಮುಳ್ಳು 1.3ಕ್ಕೆ ಹೋಯಿತು. ಹೊಸತರಲ್ಲಿ ಒಂದಕ್ಕೆ ನಿಂತಿತು. ಅಜ್ಜಿ ಮತ್ತೊಮ್ಮೆ ಎರಡನ್ನೂ ಪರೀಕ್ಷಿಸಿದರು. ಬಳಿಕ ತಾಯಿ ಪೆಟ್ಟಿಗೆಯಿಂದ ಕಾರ್ಡನ್ನು ತೆಗೆದು ಕಾರ್ಯಕರ್ತೆಯ ಮುಂದಿಟ್ಟಳು. ಹಳೆಯ ಚುಕ್ಕೆಗಳನ್ನು ಒಂದೊಂದಾಗಿ 300 ಗ್ರಾಂ ಕೆಳಗಿಳಿಸಿದರು. ಕೊನೆಯ ಚುಕ್ಕೆ ಮಾತ್ರ ಇದ್ದಲ್ಲಿಯೇ ಇತ್ತು. ಅದರವರೆಗಿನ ಗೆರೆಯನ್ನು ಮೇಲ್ಮುಖವಾಗಿ ಎಳೆದವಳು ತಾಯಿ. ಆಮೇಲೆ, ನಡುವೆ ಕೂಸಿಗೆ ನಾಲ್ಕು ದಿನ ಜ್ವರ ಬಂದಿತ್ತೆಂಬುದನ್ನೂ ಹೇಳಿದಳು.