ಡಿಜಿಟಲ್ ಪುಟಗಳೂ ದೃಷ್ಟಿಹೀನ ವಿದ್ಯಾರ್ಥಿಗಳೂ

ಗ್ರಂಥವೊಂದನ್ನು ಸ್ಕ್ಯಾನ್ ಮಾಡಿ ವಿಶ್ವವಿದ್ಯಾನಿಲಯದ ಜಾಲತಾಣದಲ್ಲಿರಿಸಿದೊಡನೆ ಅದು ಸರ್ವರಿಗೂ ದೊರಕಿತೆಂದು ನಾವು ಭಾವಿಸುವುದುಂಟು. ದೃಷ್ಟಿಹೀನ ವಿದ್ಯಾರ್ಥಿಗಳ ಪಾಲಿಗೆ ಇದು ನಿಜವಲ್ಲ. ಅವರು ಓದುವುದು ಕಿವಿಯಿಂದ. ಪರದೆಯ ಅಕ್ಷರಗಳನ್ನು ಧ್ವನಿಯಾಗಿಸುವ ಎನ್‌ವಿಡಿಎ ಮುಂತಾದ ತಂತ್ರಾಂಶಗಳೇ ಅವರಿಗೆ ಆಧಾರ. ಬಿ. ಎಲ್. ರೈಸರು 1886ರಿಂದ ಪ್ರಕಟಿಸತೊಡಗಿದ ‘ಎಪಿಗ್ರಾಫಿಯಾ ಕರ್ನಾಟಿಕ’ದ ಪುಟಗಳನ್ನು ಬರಿಯ ಛಾಯಾಚಿತ್ರಗಳಾಗಿ ಒದಗಿಸಿದಲ್ಲಿ, ಅಂತಹ ತಂತ್ರಾಂಶಕ್ಕೆ ಸಿಕ್ಕುವುದು ಚಿತ್ರವೇ ಹೊರತು ಶಾಸನವಲ್ಲ.

ಕನ್ನಡಕ್ಕೆ ಇನ್ನೂ ಒಂದು ತೊಡಕುಂಟು. 1991ರಲ್ಲಿಯೇ ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ಥಾನ ದೊರೆತಿದ್ದರೂ, ನಮ್ಮ ಮುದ್ರಣಕಾರ್ಯವು ಬಹುಕಾಲ ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿ ನಡೆಯಿತು. ಅವುಗಳಲ್ಲಿ ರೋಮನ್ ಅಕ್ಷರಗಳ ಸಂಕೇತಗಳಿಗೇ ಕನ್ನಡದ ಆಕಾರಗಳನ್ನು ತೊಡಿಸಲಾಗಿದೆ. ಕಣ್ಣಿಗೆ ಕನ್ನಡವಾಗಿ ತೋರುವ ವಾಕ್ಯವು ತಂತ್ರಾಂಶದ ಬಾಯಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ಸರಣಿಯಾಗುತ್ತದೆ. ಪುಟವು ಅಂದವಾಗಿಯೇ ಕಾಣುವುದರಿಂದ ಕಣ್ಣುಳ್ಳವರಿಗೆ ದೋಷವು ಗೋಚರಿಸದು.

ಫಾಂಟನ್ನು ಯೂನಿಕೋಡಿಗೆ ತರುವ ಪರಿವರ್ತಕಗಳಿವೆ. ಚಿತ್ರದಿಂದ ಅಕ್ಷರವನ್ನು ಗುರುತಿಸುವ ಉಪಕರಣಗಳೂ ಇವೆ. ಆದರೆ ಹಳೆಯ ಮುದ್ರಣದ ಒತ್ತಕ್ಷರಗಳಲ್ಲಿ ಅವು ಎಡವುತ್ತವೆ. ಶಾಸನಪಾಠದಲ್ಲಿ ಒಂದು ಒತ್ತು ತಪ್ಪಿದರೂ ಊರಿನ ಹೆಸರೇ ಬೇರೆಯಾಗುವುದರಿಂದ, ಕರಡು ತಿದ್ದುವ ಕೆಲಸ ಅಧ್ಯಾಪಕರದೇ ಆಗಬೇಕು. ಕೃತಿಸ್ವಾಮ್ಯದ ನೆಪವೂ ಇಲ್ಲಿ ಸಲ್ಲದು: 2012ರ ತಿದ್ದುಪಡಿಯು ಅಂಗವಿಕಲರಿಗಾಗಿ ಇಂತಹ ಪ್ರತಿಗಳನ್ನು ಸಿದ್ಧಪಡಿಸಲು ಅವಕಾಶವಿತ್ತಿದೆ. ವಿದ್ಯುನ್ಮಾನ ಮಾಧ್ಯಮದ ವಿಷಯಗಳು ಅವರಿಗೆ ಎಟುಕುವಂತಿರಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವು ವಿಧಿಸುತ್ತದೆ.

ಹಳೆಯ ಗ್ರಂಥಗಳ ಮಾತು ಹಾಗಿರಲಿ. ಗಣಕದಲ್ಲಿಯೇ ಬೆರಳಚ್ಚಿಸಿದ ಸುತ್ತೋಲೆಯನ್ನು ಮುದ್ರಿಸಿ, ಸಹಿ ಹಾಕಿ, ಪುನಃ ಸ್ಕ್ಯಾನ್ ಮಾಡಿ ಪ್ರಕಟಿಸುವ ಪದ್ಧತಿಯನ್ನಾದರೂ ನಾವು ಈ ವರ್ಷವೇ ಬಿಡಬಹುದು.